ಕೊನೆಯ ಹದಿನಾರು ಪುಟ

ನರಸಿಂಹರಾಜು ಮೇಷ್ಟ್ರು ತರಕಾರಿ ಚೀಟಿ ಬರೆಸುವಾಗಲೂ ನೋಟ್ಸ್ ಬರೆಸಿದ ಹಾಗೇ ಬರೆಸುತ್ತಾರೆ ಎಂದು ಅವರ ಹೆಂಡತಿ ವನಜಾಕ್ಷಿ ನಗುತ್ತಾರೆ. ‘ಹುರುಳಿಕಾಯಿ ಅರ್ಧ ಕೆ.ಜಿ., ಅಲ್ಪವಿರಾಮ, ಬದನೆಕಾಯಿ ಕಾಲು ಕೆ.ಜಿ., ಹೊಸ ಸಾಲು, ಸೀಗೆಪುಡಿ.’ ಮಧುಗಿರಿಯ ಒಂದೇ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಐಚ್ಛಿಕ ಕನ್ನಡ ಕಲಿಸಿದವರ ನಾಲಿಗೆ ಬೇರೆ ಹೇಗೆ ತಾನೇ ಹೊರಳೀತು.

ಬಿ.ಎ. ತರಗತಿಗೆ ವಿಶ್ವವಿದ್ಯಾಲಯ ಇಟ್ಟ ಪುಸ್ತಕಗಳು ನಮ್ಮ ಕಡೆಯ ಊರುಗಳಿಗೆ ತಲುಪುತ್ತಿದ್ದದ್ದು ಪರೀಕ್ಷೆ ಹತ್ತಿರ ಬಂದಾಗ. ಲೈಬ್ರರಿಯಲ್ಲಿ ಒಂದು ಪ್ರತಿ, ತರಗತಿಯಲ್ಲಿ ನಲವತ್ತು ಜನ. ಅದಕ್ಕೇ ಮೇಷ್ಟ್ರು ಬರೆಸುತ್ತಿದ್ದರು. ರಾತ್ರಿ ಓದಿ ಉದ್ದನೆಯ ನೋಟ್‌ಬುಕ್ಕಿನಲ್ಲಿ ಸಾರಾಂಶ ಬರೆದುಕೊಂಡು ಬಂದು, ಬೆಳಿಗ್ಗೆ ನಿಧಾನವಾಗಿ, ಎದುರಿನ ಟೀ ಅಂಗಡಿಗೂ ಕೇಳುವ ದನಿಯಲ್ಲಿ ಹೇಳುತ್ತಿದ್ದರು. ಆ ನೋಟ್ಸು ಕೈಯಿಂದ ಕೈಗೆ ಶಿರಾಕ್ಕೆ ಹೋಯಿತು, ಕೊರಟಗೆರೆಗೆ ಹೋಯಿತು, ಪಾವಗಡದ ಹಾಸ್ಟೆಲ್ಲುಗಳಿಗೆ ಹೋಯಿತು. ಆಮೇಲೆ ಅವರದೇ ಹಳೆಯ ವಿದ್ಯಾರ್ಥಿ ಪ್ರಸನ್ನ ಕುಮಾರ್ ಬಸ್ ನಿಲ್ದಾಣದ ಪಕ್ಕ ಜೆರಾಕ್ಸ್ ಅಂಗಡಿ ಇಟ್ಟ. ‘ರಾಜು ಸಾರ್ ನೋಟ್ಸ್’ ಎಂದು ಬರೆದ ಕಟ್ಟುಗಳು ಅಲ್ಲಿ ಇವತ್ತಿಗೂ ದಾರದಲ್ಲಿ ನೇತಾಡುತ್ತವೆ. ಅದನ್ನೇ ಓದಿ ಪಾಸಾದವರು ಈಗ ಬರಗೂರಿನ ಶಾಲೆಯಲ್ಲಿದ್ದಾರೆ, ತಾಲ್ಲೂಕು ಕಚೇರಿಯಲ್ಲಿದ್ದಾರೆ. ಮೇಷ್ಟ್ರ ಕೈಯಲ್ಲೇ ಕಲಿತು ಈಗ ಅದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿರುವ ನಾನೂ ಆ ಲೆಕ್ಕದವಳೇ.

ಮೇಷ್ಟ್ರು ತೋವಿನಕೆರೆ ಕಡೆಯವರು. ಅವರಪ್ಪ ಚಿಕ್ಕನರಸಯ್ಯನವರಿಗೆ ಓದು ಬರುತ್ತಿರಲಿಲ್ಲ. ಮಗ ಶಾಲೆಯಿಂದ ಬಂದ ಕೂಡಲೇ ಕೂರಿಸಿಕೊಂಡು, ಇವತ್ತು ಓದಿದ್ದನ್ನು ಹೇಳು ಅನ್ನುತ್ತಿದ್ದರಂತೆ. ಕಥೆ ಅರ್ಧಕ್ಕೆ ನಿಂತರೆ ಊಟಕ್ಕೆ ಏಳುತ್ತಿರಲಿಲ್ಲವಂತೆ. ಆ ಮನೆಯಿಂದ ಮೊದಲು ಎಂ.ಎ. ಮಾಡಿದವರು ಇವರು. ಎಂ.ಎ. ಪುಸ್ತಕಗಳನ್ನು ತಾಯಿ ಓಬಳಮ್ಮ ರಾಗಿ ತುಂಬುವ ವಾಡೆಯ ಮೇಲೆ ಇಲಿ ಹತ್ತದಂತೆ ಬಟ್ಟೆ ಸುತ್ತಿ ಇಡುತ್ತಿದ್ದರು.

ನಾಲ್ಕು ವರ್ಷದ ಹಿಂದೆ ನಿವೃತ್ತರಾದಾಗ ಅವರು ಒಂದು ಪಟ್ಟಿ ಮಾಡಿದರು. ಮೂವತ್ತೊಂದು ವರ್ಷದಲ್ಲಿ ಪಠ್ಯವಾಗಿ ಬಂದು ಹೋದ ಪುಸ್ತಕಗಳು, ಎಲ್ಲ ಸೇರಿ ಎಂಬತ್ತಾರು. ಒಂದೊಂದನ್ನೂ ಮತ್ತೆ ಓದಬೇಕು, ಈ ಸಲ ಪ್ರಶ್ನೆಗಳಿಗಾಗಿ ಅಲ್ಲ ಎಂದು ಹೊರಟರು. ಬೆಟ್ಟದ ಬಂಡೆ ಕಾಯುವ ಮೊದಲೇ ಎದ್ದು ಮನೆಯ ಮೆಟ್ಟಿಲ ಮೇಲೆ ಕೂತರೆ ತಿಂಡಿಗೆ ಕರೆಯುವ ತನಕ ಓದು. ನಾನು ಆಗಾಗ ಹೋಗಿ ಮಾತಾಡಿಸಿ ಬರುತ್ತಿದ್ದೆ. ಹಳೆಗನ್ನಡದ ಕಾವ್ಯವೊಂದರ ಯುದ್ಧದ ಭಾಗ ಮಾತ್ರ ಪರೀಕ್ಷೆಗೆ ಬರುತ್ತಿತ್ತೆಂದು ಮಕ್ಕಳಿಗೆ ಅದನ್ನೇ ಹೇಳಿಕೊಟ್ಟೆ, ಯುದ್ಧ ಮುಗಿದ ಮೇಲೆ ಕುದುರೆಗೆ ನೀರು ಕುಡಿಸುವ ನಾಲ್ಕು ಪದ್ಯಗಳಿವೆ, ಅವನ್ನು ಬಿಟ್ಟುಬಿಟ್ಟೆ ಎಂದು ಒಂದು ದಿನ ಪೇಚಾಡಿಕೊಂಡರು. ಹೀಗೆ ಎಂಬತ್ತೈದು ಮುಗಿದವು. ಒಂದು ಪುಸ್ತಕ ಮಾತ್ರ ಪಟ್ಟಿಯಲ್ಲಿ ಹಾಗೇ ಉಳಿದಿತ್ತು. ಯಾಕೆಂದು ಕೇಳಿದರೆ, ಪ್ರತಿ ಸಿಕ್ಕಿಲ್ಲ ಅನ್ನುತ್ತಿದ್ದರು.

ಅದು ಎರಡನೇ ವರ್ಷದ ಕಾದಂಬರಿ. ಕುರಿ ಸಾಕುವ ಮನೆಯ ಚಿತ್ತಮ್ಮ ಗಂಡನ ಮನೆ ಬಿಟ್ಟು ತನ್ನ ಏಳು ಕುರಿಗಳೊಂದಿಗೆ ಹೊರಡುವ ಕಥೆ. ಎಲ್ಲರ ಬಾಯಲ್ಲೂ ಅದು ಚಿತ್ತಮ್ಮನ ಪಾಠ. ಎಷ್ಟೋ ವರ್ಷದ ಮೇಲೆ ವಿಶ್ವವಿದ್ಯಾಲಯ ಅದನ್ನು ಈ ಸಲ ಮತ್ತೆ ಪಠ್ಯಕ್ಕೆ ಇಟ್ಟಿತು, ಕಾಲೇಜಿಗೆ ಹೊಸ ಪ್ರತಿ ಬಂತು, ಪಾಠ ನನ್ನ ಪಾಲಿಗೆ ಬಂತು. ಒಂದು ಕೈಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಮೇಷ್ಟ್ರ ನೋಟ್ಸು ಇಟ್ಟುಕೊಂಡು ನಾನು ತಯಾರಾಗುತ್ತಿದ್ದೆ. ಕೊನೆಗೆ ಬಂದಾಗ ಎರಡೂ ಒಂದಕ್ಕೊಂದು ಕೂಡಲಿಲ್ಲ. ನೋಟ್ಸಿನಲ್ಲಿ ಹೀಗಿತ್ತು: ‘ಚಿತ್ತಮ್ಮ ಪಶ್ಚಾತ್ತಾಪದಿಂದ ಗಂಡನ ಮನೆಗೆ ಮರಳುತ್ತಾಳೆ. ಈ ಮೂಲಕ ಕಾದಂಬರಿಕಾರರು ಕುಟುಂಬದ ಮಹತ್ವವನ್ನು ಎತ್ತಿ ಹಿಡಿದಿದ್ದಾರೆ.’ ಪುಸ್ತಕದಲ್ಲಿ ಚಿತ್ತಮ್ಮ ಮರಳುವುದಿಲ್ಲ. ಬೇರೆ ಸೀಮೆಯ ಹೊಲವೊಂದರಲ್ಲಿ ರಾತ್ರಿ ಮಂದೆ ಹಾಕಿ, ಕುರಿಗೊಬ್ಬರಕ್ಕೆ ಹೊಲದವರು ಕೊಡುವ ಕಾಳನ್ನು ತನ್ನ ಹೆಸರಿನಲ್ಲೇ ಅಳೆಸಿಕೊಳ್ಳುತ್ತಾಳೆ.

ಲೇಖಕರು ಆಮೇಲೆ ತಿದ್ದಿರಬಹುದು ಎಂದುಕೊಂಡು ನಾನು ಪುಸ್ತಕವನ್ನು ಮೇಷ್ಟ್ರ ಮನೆಗೆ ಒಯ್ದೆ. ಅವರು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ.

“ಇನ್ನೂರ ಎಂಟನೇ ಪುಟದ ಮುಂದೆ ಎಷ್ಟಿದೆ?” ಎಂದು ಕೇಳಿದರು.

ಹಳೆಯ ಪುಟಗಳನ್ನೇ ಫೋಟೋ ತೆಗೆದು ಅಚ್ಚು ಹಾಕಿದ ಪ್ರತಿ ಅದು. ಎಣಿಸಿ, ಹದಿನಾರು ಪುಟ ಎಂದೆ. ಮೇಷ್ಟ್ರು ತಲೆಯಾಡಿಸಿದರು. ಒಳಗಿನಿಂದ ಬಂದ ವನಜಾಕ್ಷಿಯವರು ಅವರ ಮುಖ ನೋಡಿ, ಕೈಯಲ್ಲಿದ್ದ ಕಾಫಿಯನ್ನು ನನಗೊಬ್ಬಳಿಗೇ ಕೊಟ್ಟು ಬಾಗಿಲಲ್ಲೇ ನಿಂತರು.

ಅವತ್ತು ಅವರು ಹೇಳಿದ್ದು ಇಷ್ಟು. ಲೈಬ್ರರಿಯ ಆ ಒಂದು ಪ್ರತಿ ಹರಿದು ಹೋಗಿತ್ತು. ಅಟೆಂಡರ್ ಅದನ್ನು ಹೊಲಿದು ಹೊಸ ರಟ್ಟು ಹಾಕಿಸಿದಾಗ ಕೊನೆಯ ಹದಿನಾರು ಪುಟದ ಕಟ್ಟು ಬಿಟ್ಟೇಹೋಯಿತು. ಚಿತ್ತಮ್ಮ ಕೆರೆ ಏರಿಯ ಮೇಲೆ ನಿಂತಿದ್ದಾಳೆ, ಬೆಳಕು ಹರಿಯುತ್ತಿದೆ, ವಾಕ್ಯ ಪೂರ್ತಿಯಾಗಿದೆ. ನೋಡಿದವರಿಗೆ ಪುಸ್ತಕ ಅಲ್ಲಿಗೇ ಮುಗಿಯಿತು ಅನ್ನಿಸುತ್ತಿತ್ತು. ಮೇಷ್ಟ್ರಿಗೆ ಹಾಗನ್ನಿಸಲಿಲ್ಲ. ಪ್ರಕಾಶಕರಿಗೆ ಎರಡು ಕಾರ್ಡು ಬರೆದರು, ಉತ್ತರ ಬರಲಿಲ್ಲ. ಪರೀಕ್ಷೆ ಹತ್ತಿರ ಬಂತು, ಪ್ರಶ್ನೆಪತ್ರಿಕೆಯಲ್ಲಿ ಅಂತ್ಯದ ಬಗ್ಗೆ ಕೇಳುವುದು ಖಂಡಿತವಿತ್ತು. ಹೆಂಗಸು ಇನ್ನೆಲ್ಲಿಗೆ ಹೋದಾಳು, ಮನೆಗೇ ಬಂದಿರುತ್ತಾಳೆ ಎಂದು ಪೆನ್ಸಿಲಿನಲ್ಲಿ ಎರಡು ಸಾಲು ಬರೆದುಕೊಂಡರು. ಆಮೇಲೆ ನೋಡಿ ತಿದ್ದಿದರಾಯಿತು ಎಂದು. ನಲವತ್ತು ಜನ ಅದನ್ನು ಇಂಕಿನಲ್ಲಿ ಬರೆದುಕೊಂಡರು. ಮೌಲ್ಯಮಾಪನಕ್ಕೆ ಕೂರುವವರ ಕೈಗೂ ಅದೇ ನೋಟ್ಸು ತಲುಪಿತ್ತು. ಯಾರೂ ಒಂದು ಅಂಕ ಕಳೆಯಲಿಲ್ಲ.

“ಅಷ್ಟೇ ಆಗಿದ್ದರೆ ನಾಚಿಕೆ ಪಟ್ಟುಕೊಂಡು ಸುಮ್ಮನಿರಬಹುದಿತ್ತು. ಕೊಲ್ಲಾಪುರಮ್ಮ ಅಂತ ಒಬ್ಬಳಿದ್ದಳು,” ಎಂದರು.

ಕೊಲ್ಲಾಪುರಮ್ಮ ವೈ.ಎನ್.ಹೊಸಕೋಟೆ ಕಡೆಯ ಹಟ್ಟಿಯವಳು. ಅಪ್ಪ ಮಾರಣ್ಣ ಕುರಿ ಕಾಯುವವರು. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಮಧುಗಿರಿಯ ಹಾಸ್ಟೆಲ್ಲಿನಲ್ಲಿ ಇದ್ದುಕೊಂಡು ಓದುತ್ತಿದ್ದಳು. ಆ ಕಾದಂಬರಿಯನ್ನು ಲೈಬ್ರರಿಯಿಂದ ತೆಗೆದುಕೊಂಡು ಹೋಗಿ ಓದಿದ್ದು ಇಡೀ ತರಗತಿಯಲ್ಲಿ ಅವಳೊಬ್ಬಳೇ. ಮೇಷ್ಟ್ರು ಅಂತ್ಯ ಬರೆಸುತ್ತಿರುವಾಗ ಎದ್ದು ನಿಂತು, ಪುಸ್ತಕ ಕೆರೆ ಏರಿ ಮೇಲೇ ನಿಂತದಲ್ಲ ಸಾರ್, ವಾಪಸ್ಸು ಹೋದಳು ಅಂತ ಎಲ್ಲೈತೆ ಎಂದು ಕೇಳಿದಳು. ತರಗತಿ ನಕ್ಕಿತು. ಮೇಷ್ಟ್ರು, ನಾನು ತುಮಕೂರಿನಲ್ಲಿ ಬೇರೆ ಪ್ರತಿ ನೋಡಿದ್ದೇನೆ, ಕೂತ್ಕೋ ಎಂದರು.

ನೋಡಿರಲಿಲ್ಲ.

ಆ ತಿಂಗಳ ಕಿರುಪರೀಕ್ಷೆಯಲ್ಲಿ ಅವಳು ನೋಟ್ಸನ್ನು ಬರೆಯಲಿಲ್ಲ. ಅವಳು ಬರೆದದ್ದು ಮೇಷ್ಟ್ರಿಗೆ ಇವತ್ತಿಗೂ ಬಾಯಿಪಾಠ. ‘ಸಿಟ್ಟು ಮಾಡಿಕೊಂಡು ನಾಲ್ಕು ದಿನಕ್ಕೆ ಹೋಗುವವಳು ಮರಿ ಮುಚ್ಚುವ ಬುಟ್ಟಿಯನ್ನು ಹೊತ್ತುಕೊಂಡು ಹೋಗುವುದಿಲ್ಲ. ಚಿತ್ತಮ್ಮ ಹೊತ್ತಿದ್ದಾಳೆ. ಅವಳ ಏಳು ಕುರಿಗಳಲ್ಲಿ ನಾಲ್ಕು ಗಬ್ಬವಾಗಿವೆ. ಅವು ದಾರಿಯಲ್ಲಿ ಈಯುತ್ತವೆ ಎಂದು ಗೊತ್ತಿದ್ದೇ ಹೊರಟಿದ್ದಾಳೆ. ಆದ್ದರಿಂದ ಚಿತ್ತಮ್ಮ ಮರಳುವುದಿಲ್ಲ.’ ಮೇಷ್ಟ್ರು ಆ ಉತ್ತರಕ್ಕೆ ಅಡ್ಡಗೆರೆ ಎಳೆದು, ‘ಪಠ್ಯದಲ್ಲಿ ಇಲ್ಲ’ ಎಂದು ಕೆಂಪು ಇಂಕಿನಲ್ಲಿ ಬರೆದರು. ಆಮೇಲೆ ಅವಳು ತರಗತಿಯಲ್ಲಿ ಎದ್ದು ನಿಲ್ಲಲಿಲ್ಲ. ಎಂ.ಎ. ಮಾಡುತ್ತೇನೆ ಎನ್ನುತ್ತಿದ್ದವಳು ಬಿ.ಎ. ಮುಗಿಸಿ ಊರಿಗೆ ಹೋದಳು.

ಹೇಳಿ ಮುಗಿಸಿ ಅವರು ಪುಸ್ತಕ ತೆಗೆದುಕೊಂಡು ಆ ಹದಿನಾರು ಪುಟಗಳನ್ನು ನಮ್ಮೆದುರೇ ಓದಿದರು. ಬುಟ್ಟಿ ಎಲ್ಲಿ ಬಂತೋ ಅಲ್ಲಿ ಬೆರಳಿಟ್ಟು ನಿಲ್ಲಿಸಿದರು. ಕೊಲ್ಲಾಪುರಮ್ಮನನ್ನು ನೋಡಿ ಹೇಳಬೇಕು ಎಂದರು.

“ಈಗ ಹೋಗಿ ಮಾರ್ಕ್ಸ್ ಹಾಕಿ ಬರ್ತೀರಾ?” ಎಂದರು ವನಜಾಕ್ಷಿ. ಕುಹಕವಿರಲಿಲ್ಲ, ಭಯವಿತ್ತು. ಇಷ್ಟು ವರ್ಷದ ಮರ್ಯಾದೆಯನ್ನು ತಾವೇ ಹೋಗಿ ಹಳೆಯ ವಿದ್ಯಾರ್ಥಿನಿಯ ಎದುರು ಇಳಿಸಿ ಬರಲು ಹೊರಟವರ ಹೆಂಡತಿಗೆ ಇರಬಹುದಾದ ಭಯ.

ಮಾರನೆಯ ದಿನ ಮೊದಲು ಜೆರಾಕ್ಸ್ ಅಂಗಡಿಗೆ ಹೋದೆವು. ಚಿತ್ತಮ್ಮನ ನೋಟ್ಸಿನ ಕೊನೆಯ ಪುಟ ತಪ್ಪು, ಇನ್ನು ಮೇಲೆ ಅದನ್ನು ಮಾರಬೇಡ ಎಂದು ಮೇಷ್ಟ್ರು ನೇರವಾಗಿ ಹೇಳಿದರು. ಪ್ರಸನ್ನ ಕುಮಾರ್ ಮಿಷನ್ನು ನಿಲ್ಲಿಸಿ ಅವರನ್ನೇ ನೋಡಿದ.

“ಇಷ್ಟು ವರ್ಷ ಗಂಡನ ಮನೇಲಿ ಸಂಸಾರ ಮಾಡವ್ಳೆ ಸಾರ್ ಚಿತ್ತಮ್ಮ. ಈಗ ಎಬ್ಬಿಸ್ಕಂಡು ಹೋಗ್ತೀನಿ ಅಂತೀರಲ್ಲ,” ಎಂದ.

ಮೇಷ್ಟ್ರು ನಗಲಿಲ್ಲ. ಅದನ್ನು ಕಂಡು ಅವನು ನೇತಾಡುತ್ತಿದ್ದ ಕಟ್ಟುಗಳನ್ನು ಇಳಿಸಿ ಕೊನೆಯ ಹಾಳೆ ಕಿತ್ತು ಪಕ್ಕಕ್ಕೆ ಇಟ್ಟ. ಕೊಲ್ಲಾಪುರಮ್ಮನ ನಂಬರು ಅವಳ ಬ್ಯಾಚಿನವರ ವಾಟ್ಸಾಪ್ ಗುಂಪಿನಲ್ಲಿ ಅವನಿಗೇ ಸಿಕ್ಕಿತು. ಫೋನು ಮಾಡಿದ್ದು ಅವನೇ. ಸಾರ್ ಬರ್ತಾರಂತೆ ಅಂದದ್ದಕ್ಕೆ ಆ ಕಡೆಯಿಂದ, ಶೇಂಗಾ ಕಿತ್ತ ಹೊಲದಲ್ಲಿ ಮಂದೆ ಬಿದ್ದದೆ, ಮೂರು ಗಂಟೆಗೆ ಬರಲಿ, ನಾಲ್ಕಕ್ಕೆ ಕುರಿ ಬಂದುಬಿಟ್ಟರೆ ಮಾತಾಡಲು ಆಗಲ್ಲ ಎಂದು ಉತ್ತರ ಬಂತು. ಯಾಕೆ ಬರುತ್ತಾರೆ ಎಂದು ಅವಳು ಕೇಳಲಿಲ್ಲ.

ನೀನೂ ಬಾ, ನೀನಿದ್ದರೆ ನಾನು ಅರ್ಧ ದಾರಿಯಲ್ಲಿ ಇಳಿದು ವಾಪಸ್ಸು ಬರುವುದಿಲ್ಲ ಎಂದರು ಮೇಷ್ಟ್ರು. ಬಸ್ಸು ಮಿಡಿಗೇಶಿ ದಾಟಿತು. ಪಾವಗಡದಲ್ಲಿ ಬಸ್ಸು ಬದಲಾಯಿಸಿ ಹೊಸಕೋಟೆಗೆ, ಅಲ್ಲಿಂದ ಆಟೋದಲ್ಲಿ ನಾಲ್ಕು ಮೈಲಿ. ಶೇಂಗಾ ಕಿತ್ತು ಬಳ್ಳಿ ಬಣವೆ ಹಾಕಿದ ಕೆಂಪು ಹೊಲಗಳು ಎರಡೂ ಕಡೆ ಬಿಸಿಲಿಗೆ ಮೈಚಾಚಿ ಬಿದ್ದಿದ್ದವು. ದೂರದಲ್ಲಿ ಬಲೆ ಕಟ್ಟಿದ ಗೂಟಗಳು, ಒಂದು ಹೊಂಗೆ ಮರ, ಅದರಡಿ ಬಿದಿರಿನ ದೊಡ್ಡ ಬುಟ್ಟಿಗಳನ್ನು ಬೋರಲು ಹಾಕಿದ್ದರು. ಹತ್ತಿರ ಹೋದಂತೆ ಬುಟ್ಟಿಗಳೊಳಗಿನಿಂದ ಮರಿಗಳು ಕೂಗುವುದು ಕೇಳಿತು.

ಕೊಲ್ಲಾಪುರಮ್ಮನಿಗೆ ಈಗ ನಲವತ್ತರ ಆಸುಪಾಸು. ಹೊಲದ ಯಜಮಾನರ ಮನೆಯಿಂದ ಮೇಷ್ಟ್ರಿಗೆಂದು ಒಂದು ಪ್ಲಾಸ್ಟಿಕ್ ಕುರ್ಚಿ ತಂದಿಟ್ಟಿದ್ದಳು. ಗಂಡ ಕುರಿಗಳ ಜೊತೆ ಹೋಗಿದ್ದಾನೆ, ಮಗಳು ಪಾವಗಡದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ ಎಂದಳು. ಮೂರು ಕಲ್ಲಿನ ಒಲೆಯಲ್ಲಿ ಕುರಿಯ ಹಾಲಿನ ಟೀ ಕಾಯಿಸಿಕೊಟ್ಟಳು. ಮೇಷ್ಟ್ರು ಲೋಟ ಹಿಡಿದುಕೊಂಡು ಮಳೆಯ ಬಗ್ಗೆ ಕೇಳಿದರು, ಕುರಿಗಳ ಬಗ್ಗೆ ಕೇಳಿದರು, ಮಾರಣ್ಣನವರ ಬಗ್ಗೆ ಕೇಳಿದರು. ಅಪ್ಪ ತೀರಿಹೋಗಿ ಆರು ವರ್ಷವಾಯಿತು ಎಂದಳು. ಕೇಳಲು ಇನ್ನೇನೂ ಉಳಿಯಲಿಲ್ಲ.

“ಆಮೇಲೆ ಏನಾದರೂ ಓದಿದೆಯಾ?” ಎಂದರು.

“ಇಲ್ಲ ಸಾರ್. ಆ ಟೆಸ್ಟ್ ಆದ್ಮೇಲೆ ನೀವು ಬರೆಸಿದ್ದನ್ನೇ ಬರೆದೆ. ಫಸ್ಟ್ ಕ್ಲಾಸ್ ಬಂತು. ನಂಗೆ ಓದಿದ್ದು ತಲೆಗೆ ಹತ್ತಲ್ಲ, ಬರೆಸಿದ್ದು ಮಾತ್ರ ಹತ್ತುತ್ತೆ ಅಂದ್ಕಂಡು ಬುಟ್ಬುಟ್ಟೆ.”

ಅವಳು ದೂರುವ ದನಿಯಲ್ಲಿ ಹೇಳಲಿಲ್ಲ. ತನಗೆ ಈಜು ಬರುವುದಿಲ್ಲ ಅನ್ನುವವರ ಹಾಗೆ ಹೇಳಿದಳು. ಮೇಷ್ಟ್ರು ಲೋಟವನ್ನು ನೆಲದ ಮೇಲೆ ಇಟ್ಟು ಎಲ್ಲವನ್ನೂ ಹೇಳಿದರು. ಹರಿದ ಪ್ರತಿ, ಪೆನ್ಸಿಲಿನ ಎರಡು ಸಾಲು, ನೋಡದಿದ್ದ ತುಮಕೂರಿನ ಪ್ರತಿ. ಒಂದು ಅಲ್ಪವಿರಾಮವೂ ಇಲ್ಲದೆ ಹೇಳಿದರು.

“ತಲೆಗೆ ಹತ್ತಿದ್ದು ನಿನಗೊಬ್ಬಳಿಗೇ ಕಣಮ್ಮ. ನಾನು ಊಹೆ ಮಾಡಿದ್ದೆ. ಓದಿದವಳು ನೀನು,” ಎಂದು ಪುಸ್ತಕವನ್ನು ಅವಳ ಕಡೆಗೆ ಚಾಚಿದರು.

ಕೊಲ್ಲಾಪುರಮ್ಮ ಅದನ್ನು ತೆಗೆದುಕೊಳ್ಳಲಿಲ್ಲ. ಒಲೆಯ ಕೊಳ್ಳಿಯನ್ನು ಹಿಂದಕ್ಕೆ ಎಳೆದು ಮಣ್ಣಿಗೆ ಉಜ್ಜಿ ಆರಿಸಿದಳು.

“ಪಠ್ಯದಲ್ಲಿ ಇಲ್ಲ ಅಂತ ಬರೆದ್ರಲ್ಲ ಸಾರ್, ಕೆಂಪು ಇಂಕಲ್ಲಿ.”

“ಬರೆದೆ.”

“ಪಠ್ಯ ನಿಮ್ಮತ್ರ ಇರ್ಲೇ ಇಲ್ಲ.”

“ಇರಲಿಲ್ಲ.”

ಅಷ್ಟು ಹೊತ್ತಿಗೆ ನಾಯಿ ಬೊಗಳಿತು. ಹೊಲದ ಆಚೆಯಿಂದ ಧೂಳು ಎದ್ದಿತು. ಇನ್ನೂರು ಕುರಿಗಳ ಮಂದೆ ಮರಿಗಳ ಕೂಗು ಕೇಳಿ ಓಡಿ ಬರುತ್ತಿತ್ತು. ಅವಳು ಎದ್ದು ಹೋದಳು. ಗಂಡನೂ ಅವಳೂ ಬುಟ್ಟಿಗಳನ್ನು ಒಂದೊಂದಾಗಿ ಎತ್ತಿದರು. ಮರಿಗಳು ಚೆಲ್ಲಾಪಿಲ್ಲಿಯಾಗಿ ಹೊರಬಿದ್ದು ಅಷ್ಟು ತಾಯಂದಿರ ನಡುವೆ ತಮ್ಮ ತಮ್ಮ ತಾಯಿಯನ್ನು ಹುಡುಕತೊಡಗಿದವು. ದಾರಿ ತಪ್ಪಿದ ಮರಿಗಳನ್ನು ಅವಳು ಹಿಂಗಾಲು ಹಿಡಿದೆತ್ತಿ ಸರಿಯಾದ ಕುರಿಗೆ ಕೊಡುತ್ತಿದ್ದಳು. ಒಮ್ಮೆಯೂ ತಪ್ಪಲಿಲ್ಲ. ಮೇಷ್ಟ್ರು ಕುರ್ಚಿಯಲ್ಲಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ಹೊರಡೋಣವೇ ಎಂದು ನಾನು ಕೇಳಿದೆ. ಮೇಷ್ಟ್ರು, ಅವಳು ಹೋಗಿ ಅನ್ನಲಿಲ್ಲ, ಇರಿ ಅಂತಲೂ ಅನ್ನಲಿಲ್ಲ, ಅವಳು ಬಂದು ಹೇಳುವ ತನಕ ಏಳುವುದಿಲ್ಲ ಎಂದರು.

ಮುಕ್ಕಾಲು ಗಂಟೆಯ ಮೇಲೆ ಕೊಲ್ಲಾಪುರಮ್ಮ ಕೈ ತೊಳೆದುಕೊಂಡು ಬಂದಳು. ಸೆರಗಿಗೆ ಕೈ ಒರೆಸಿ, ಕೊಡಿ ಸಾರ್ ನೋಡನ ಎಂದಳು. ಹೊಂಗೆಯ ಬುಡಕ್ಕೆ ಒರಗಿ, ಇನ್ನೂರ ಒಂಬತ್ತನೇ ಪುಟ ತೆಗೆದು, ಸಾಲಿನ ಕೆಳಗೆ ಬೆರಳಿಟ್ಟು ಓದಲು ಶುರುಮಾಡಿದಳು. ಮೊದಲ ಪುಟಕ್ಕೆ ಬಹಳ ಹೊತ್ತು ಹಿಡಿಯಿತು. ತುಟಿ ಅಲ್ಲಾಡುತ್ತಿತ್ತು. ಮೂರನೆಯ ಪುಟಕ್ಕೆ ಬೆರಳು ಬಿಟ್ಟಳು. ಆಮೇಲೆ ತುಟಿಯೂ ನಿಂತಿತು. ಬಿಸಿಲು ಹಳದಿಯಾಗಿ ಅವಳ ಮೊಣಕಾಲಿನಿಂದ ಪಾದಕ್ಕೆ ಇಳಿಯಿತು. ಗಂಡ ದೂರದಿಂದ ತೆಲುಗಿನಲ್ಲಿ ಏನೋ ಕೇಳಿದ್ದಕ್ಕೆ ತಲೆ ಎತ್ತದೆ, ಕೈಯಿಂದಲೇ ತಡಿ ಎಂದಳು. ಒಂದು ಕಡೆ ಮೂಗಿನಲ್ಲೇ ನಕ್ಕಳು.

ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಎಲ್ಲಿದ್ದೀಯ ಎಂದು ಕೇಳಿದರು.

“ಬುಟ್ಟಿ ತಾವ. ಬುಟ್ಟಿ ಸರಿಯಾಗೈತೆ, ನಾನು ಹೇಳ್ದಂಗೇ. ಆದ್ರೆ ಇದ್ಯಾರೋ ಕುರಿ ಕಾಯ್ದೇ ಗೊತ್ತಿಲ್ದೋರು ಬರೆದವ್ರೆ ಸಾರ್. ಹೊಸ ಹೊಲದಲ್ಲಿ ಮೊದಲ್ನೇ ರಾತ್ರಿ, ಆಗ್ತಾನೇ ಹುಟ್ಟಿರೋ ಮರಿನ ಬೇರೆ ಮರಿಗಳ ಜೊತೆ ಒಂದೇ ಬುಟ್ಟಿಗೆ ಹಾಕಿ ಚಿತ್ತಮ್ಮ ಮಲಗ್ಬುಟ್ಳಂತೆ. ಬೆಳಗಾದ್ರೆ ತಾಯಿ ಅದನ್ನ ಮೂಸೂ ನೋಡಲ್ಲ. ಬೇರೆ ವಾಸನೆ ಹತ್ತಿರ್ತದೆ. ಅವ್ಳಿಗೆ ಗೊತ್ತಿರಕಿಲ್ವಾ?”

“ಗೊತ್ತಿರಬೇಕಿತ್ತು,” ಎಂದರು ಮೇಷ್ಟ್ರು.

“ಬರೆದೋರಿಗೆ ಗೊತ್ತಿಲ್ಲ. ಚಿತ್ತಮ್ಮಂಗೆ ಗೊತ್ತಿತ್ತು.”

ಆ ಮಾತು ಆಡಿದ ಮೇಲೆ ಅವಳ ಮುಖ ಬದಲಾಯಿತು. ತಾನೇನು ಹೇಳಿದೆ ಎಂದು ತಾನೇ ಕೇಳಿಸಿಕೊಂಡವಳ ಹಾಗೆ ಒಂದು ಗಳಿಗೆ ಪುಸ್ತಕದ ಕಡೆ ನೋಡಿ, ಉಳಿದ ಐದು ಪುಟ ಮುಗಿಸಿದಳು. ಮುಚ್ಚಿದ ಮೇಲೂ ಅದನ್ನು ತಿರುಗಿ ಕೊಡಲಿಲ್ಲ.

ಆ ವರ್ಷ ಇನ್ನೂ ಯಾವ ಯಾವ ಪುಸ್ತಕ ಇತ್ತು ಸಾರ್ ಎಂದು ಕೇಳಿದಳು. ಮೇಷ್ಟ್ರು ಹೇಳಿದರು. ಒಂದು ಹಳೆಗನ್ನಡದ್ದು, ಒಂದು ನಾಟಕ, ಒಂದು ಕಥಾಸಂಕಲನ. ಎಲ್ಲವನ್ನೂ ಕೊನೆಯವರೆಗೆ ಓದಿದ್ರಾ ಎಂದಳು. ಈ ಸಲ ಅವಳ ಕಣ್ಣಲ್ಲಿ ನಗು ಇತ್ತು, ಸ್ವಲ್ಪ ಚುಚ್ಚುವ ನಗು. ಮೇಷ್ಟ್ರು ಬೆರಳು ಮಡಿಸಿ ಲೆಕ್ಕ ಒಪ್ಪಿಸಿದರು. ಹಳೆಗನ್ನಡದ್ದು ಪೂರ್ತಿ ಓದಿದ್ದು ನಿವೃತ್ತಿಯ ಮೇಲೆ. ನಾಟಕವನ್ನು ನಾಲ್ಕು ಸಲ ಓದಿದ್ದಾರೆ. ಸಂಕಲನದಲ್ಲಿ ಹದಿನಾಲ್ಕು ಕಥೆ, ಪರೀಕ್ಷೆಗೆ ಮೊದಲ ಐದು. ಐದನ್ನು ಮಾತ್ರ ಎರಡು ಸಲ ಓದಿ, ಪಟ್ಟಿಯಲ್ಲಿ ಆ ಪುಸ್ತಕದ ಮುಂದೆ ಗುರುತು ಹಾಕಿಬಿಟ್ಟಿದ್ದಾರೆ.

“ಹಂಗಾದ್ರೆ ಅದನ್ನ ತಗಂಬನ್ನಿ. ಉಳಿದ ಒಂಬತ್ತು ನಿಮಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಓದನ.”

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಅವರೂ ಕೇಳಲಿಲ್ಲ. ಕಾದಂಬರಿಯನ್ನು ಅವಳ ಬಳಿಯೇ ಬಿಟ್ಟೆವು. ಮೊದಲಿನಿಂದ ಓದುತ್ತೇನೆ, ಈಗ ನೆನಪಿಲ್ಲ ಎಂದಳು. ಕಾಲೇಜಿನ ಪುಸ್ತಕ ಅದು. ರಿಜಿಸ್ಟರಿನಲ್ಲಿ ಇವತ್ತಿಗೂ ನನ್ನ ಹೆಸರಿನಲ್ಲಿದೆ.

ಹದಿನೈದು ದಿನಗಳ ಮೇಲೆ ಮೇಷ್ಟ್ರು ಒಬ್ಬರೇ ಹೊರಟರು. ಬೇಡ ಎನ್ನದೆ ವನಜಾಕ್ಷಿಯವರು ಡಬ್ಬಿಗೆ ಚಿತ್ರಾನ್ನ ಹಾಕಿಕೊಟ್ಟರು. ಇಬ್ಬರಿಗಾಗುವಷ್ಟು. ಹೊಸಕೋಟೆಯಲ್ಲಿ ಬಸ್ಸಿಳಿದು ಹೋದರೆ ಆ ಹೊಲದಲ್ಲಿ ಮಂದೆ ಇರಲಿಲ್ಲವಂತೆ. ಗೊಬ್ಬರ ಬಿದ್ದ ಮಣ್ಣನ್ನು ಆಗಲೇ ಉಳುತ್ತಿದ್ದರಂತೆ. ಫೋನು ಮಾಡಿದರು. ಪಕ್ಕದ ಹಳ್ಳಿಗೆ ಹೋಗಿದ್ದೇವೆ, ಬೇಲಿ ಹಿಡಿದು ಬಡಗಲಿಗೆ ಬನ್ನಿ, ನಾಯಿ ಬೊಗಳಿದ ಕಡೆ ನಿಂತುಕೊಳ್ಳಿ, ಬಂದು ಕರೆದುಕೊಂಡು ಹೋಗುತ್ತೇನೆ ಎಂದಳಂತೆ ಕೊಲ್ಲಾಪುರಮ್ಮ. ಮಾತು ಮುಗಿಸುವ ಮೊದಲು, ಆರನೇ ಕಥೆ ದಾರಿಯಲ್ಲಿ ಓದಿಕೊಂಡು ಬರಬೇಡಿ ಸಾರ್ ಎಂದೂ ಹೇಳಿದಳಂತೆ.

ಬಸ್ಸಿನಲ್ಲಿ ಅರ್ಧ ಓದಿಯೇ ಬಿಟ್ಟಿದ್ದರು. ಅದನ್ನು ಅವಳಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಾ ಅವರು ಬೇಲಿ ಹಿಡಿದು ನಡೆದರು.